ತಡವಾಗಿ ಬಂದ ಆನಿಮೇಶನ್: ಆಂಗ್ಯುಲರ್‌ಜೆಎಸ್‌ನಲ್ಲಿ ನಾನು ನೋಡಿದ ಮೂರು ದಾರಿ

ವೆಬ್ ಆ್ಯಪ್ ಕಟ್ಟುವ ಜಾವಾಸ್ಕ್ರಿಪ್ಟ್ ಚೌಕಟ್ಟಾದ ಆಂಗ್ಯುಲರ್‌ಜೆಎಸ್‌ಗೆ ಅಧಿಕೃತ ಬೆಂಬಲ 2022ರ ಜನವರಿಗೆ ನಿಂತಿತು. ನಾನು ನೋಡಿಕೊಳ್ಳುವ ಆ್ಯಪ್ ಮಾತ್ರ ನಿಂತಿಲ್ಲ. ಅದರ ಪುಟಗಳು ಬೇಕಾದಾಗಷ್ಟೇ ಲೋಡ್ ಆಗುತ್ತವೆ. ಹಾಗೆ ತಡವಾಗಿ ಬಂದ ಫೈಲಿನಲ್ಲಿ ಹೊಸ ಆನಿಮೇಶನ್ ರಿಜಿಸ್ಟರ್ ಮಾಡಲು ಮಾಡ್ಯೂಲ್‌ನ 'ಆನಿಮೇಶನ್' ಮೆಥಡ್ ಕರೆದರೆ ಎರರ್ರೂ ಇಲ್ಲ, ಆನಿಮೇಶನ್ನೂ ಇಲ್ಲ. ಕರೆ ಹೋಗಿ ಮಾಡ್ಯೂಲ್‌ನ ಕ್ಯೂನಲ್ಲಿ ಕೂರುತ್ತದೆ. ಆ ಕ್ಯೂ ಓದಿ ಮುಗಿಸುವ ಕೆಲಸ ಬೂಟ್‌ಸ್ಟ್ರ್ಯಾಪ್, ಅಂದರೆ ಆ್ಯಪ್ ಶುರುವಾಗುವ, ಹೊತ್ತಿಗೇ ಆಗಿಹೋಗಿರುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಉಪಾಯ. ಆ್ಯಪ್ ಶುರುವಾಗುವಾಗಿನ ಕಾನ್ಫಿಗ್ ಹಂತದಲ್ಲಿ, ಆನಿಮೇಶನ್‌ಗಳನ್ನು ದಾಖಲಿಸಿಕೊಳ್ಳುವ ಆನಿಮೇಟ್ ಪ್ರೊವೈಡರನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಂಡು, ಆಮೇಲೆ ಅದರ 'ರಿಜಿಸ್ಟರ್' ಕರೆಯುವುದು. ಕೆಲಸ ಆಗುತ್ತದೆ. ಆನಿಮೇಶನ್ ಹೆಸರು ಚುಕ್ಕೆಯಿಂದ ಶುರುವಾಗಬೇಕು, ಇಲ್ಲದಿದ್ದರೆ ಎರರ್. ಅದು ಬಿಡಿ, ಕಣ್ಣಿಗಾದರೂ ಬೀಳುತ್ತದೆ. ನನ್ನನ್ನು ಅರ್ಧ ದಿನ ಅಲೆಸಿದ್ದು ಬೇರೆಯೇ. '.ಜಾರು' ಅನ್ನುವ ಆನಿಮೇಶನ್ ಒಮ್ಮೆ ಓಡಿದ ಮೇಲೆ ಅದೇ ಹೆಸರಿಗೆ ಹೊಸ ಫಂಕ್ಷನ್ ರಿಜಿಸ್ಟರ್ ಮಾಡಿದೆ. ಓಡಿದ್ದು ಹಳೆಯದೇ! ಆ್ಯಪ್‌ಗೆ ಬೇಕಾದ ಭಾಗಗಳನ್ನು ಕಟ್ಟಿಕೊಡುವ ಇಂಜೆಕ್ಟರ್, ಒಮ್ಮೆ ಕಟ್ಟಿದ ಇನ್‌ಸ್ಟನ್ಸನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮತ್ತೆ ಅದನ್ನು ಕಟ್ಟುವ ಫಂಕ್ಷನ್ನಿನ, ಅಂದರೆ ಫ್ಯಾಕ್ಟರಿಯ, ತಂಟೆಗೇ ಹೋಗುವುದಿಲ್ಲ. ಹೊಸದು ಸೇರಿಸಲು ಈ ದಾರಿ ಸಾಕು, ಇದ್ದದ್ದನ್ನು ಬದಲಿಸಲು ಆಗದು.

ಎರಡನೆಯದು ಬರೀ ಸಿಎಸ್‌ಎಸ್: ಸ್ಟೈಲ್ ಟ್ಯಾಗ್ ತುರುಕಿ, ಎಲಿಮೆಂಟ್ ಪುಟಕ್ಕೆ ಬರುವಾಗ ಆಂಗ್ಯುಲರ್‌ಜೆಎಸ್ ಹಚ್ಚುವ 'ಎನ್‌ಜಿ-ಎಂಟರ್' ಕ್ಲಾಸಿಗೆ ನಿಯಮ ಬರೆಯುವುದು. ರಿಜಿಸ್ಟರ್ ಮಾಡುವ ಗೋಜೇ ಇಲ್ಲ. ಆದರೆ ಎಲಿಮೆಂಟ್ ಮೊದಲು ಬಂದು ಸ್ಟೈಲ್ ಆಮೇಲೆ ಬಂದರೆ ಅವಧಿ ಸೊನ್ನೆ ಎಂದು ಲೆಕ್ಕವಾಗಿ ಆ ಸಲದ ಆನಿಮೇಶನ್ ತಪ್ಪುತ್ತದೆ. ಬರೀ ಫೇಡ್‌ಗೆ ನಾನು ಈಗಲೂ ಇದನ್ನೇ ಬಳಸುತ್ತೇನೆ.

ಕೊನೆಗೆ ಉಳಿಸಿಕೊಂಡದ್ದು ಮೂರನೆಯದು. ಬೂಟ್‌ಸ್ಟ್ರ್ಯಾಪ್‌ಗೂ ಮುಂಚೆ '.ಚಲನೆ' ಎಂಬ ಒಂದೇ ಒಂದು ಆನಿಮೇಶನ್ ರಿಜಿಸ್ಟರ್ ಮಾಡುತ್ತೇನೆ. ಅದು ಎಲಿಮೆಂಟಿನ ಡೇಟಾ ಆಟ್ರಿಬ್ಯೂಟ್‌ನಲ್ಲಿರುವ ಹೆಸರು ಓದಿ, ನನ್ನದೇ ಒಂದು ಮ್ಯಾಪ್‌ನಲ್ಲಿ ಕೀಫ್ರೇಮ್ (ಚಲನೆಯ ಹಂತಗಳು) ಹುಡುಕಿ, ಬ್ರೌಸರಿನದೇ ಆದ ವೆಬ್ ಆನಿಮೇಶನ್ಸ್ ಎಪಿಐಗೆ ಒಪ್ಪಿಸುತ್ತದೆ. ತಡವಾಗಿ ಬಂದ ಪುಟ ಮ್ಯಾಪ್‌ಗೆ ಒಂದು ಸಾಲು ಸೇರಿಸಿದರೆ ಆಯಿತು. ಬದಲಿಸಿದರೆ ಮುಂದಿನ ಸಲವೇ ಹೊಸದು ಓಡುತ್ತದೆ. ಪ್ರೊವೈಡರ್ ಕದ್ದಿಟ್ಟುಕೊಳ್ಳುವ ಕಳ್ಳಾಟವೂ ಇಲ್ಲ.

ಎರಡು ಕಡೆ ಮಾತ್ರ ಹುಷಾರು. ಮ್ಯಾಪ್‌ನಲ್ಲಿ ಹೆಸರು ಸಿಗದಿದ್ದರೂ, ಆನಿಮೇಶನ್ ಮುಗಿಯಿತೆಂದು ತಿಳಿಸುವ 'ಡನ್' ಕರೆಯಲೇಬೇಕು. ನಾನು ಮರೆತಿದ್ದೆ, ಮುಚ್ಚಿದ ಪಾಪ್‌ಅಪ್ ಡಾಮ್‌ನಿಂದ (ಪುಟದ ಎಲಿಮೆಂಟುಗಳ ಮರದಿಂದ) ಹೋಗದೆ ಪರದೆ ಮೇಲೆ ಹಾಗೇ ಕೂತಿತ್ತು. ಇನ್ನೊಂದು, '.ಚಲನೆ' ಹಿಂದಿರುಗಿಸುವ ಫಂಕ್ಷನ್‌ನಲ್ಲಿ, ಓಡುತ್ತಿರುವ ವೆಬ್ ಆನಿಮೇಶನ್‌ನ 'ಕ್ಯಾನ್ಸಲ್' ಕರೆಯಿರಿ. ಇಲ್ಲದಿದ್ದರೆ ಬಳಕೆದಾರರು ಪಟಪಟನೆ ತೆರೆದು ಮುಚ್ಚಿದಾಗ, ಒಳಬರುವ ಚಲನೆ ಮುಗಿಯುವ ಮೊದಲೇ ಹೊರಹೋಗುವುದೂ ಶುರುವಾಗಿ ಎರಡೂ ಒಂದರ ಮೇಲೊಂದು ಎಳೆದಾಡುತ್ತವೆ.