ಅಲ್ಯುಮಿನಿಯಂ ಕ್ರ್ಯಾಂಕ್ ಪುಲ್ಲಿ: ಕಾರವಾರದ ಉಪ್ಪುಗಾಳಿಗೂ ದೇವಿಮನೆ ಘಾಟಿಗೂ ಸರಿಹೊಂದದ ಮಾಲು

ಪಿಕಪ್ ಏರುತ್ತದೆ ಎಂದು ಆನ್‌ಲೈನ್‌ನಲ್ಲಿ ಮಾರುವ ಹಗುರ ಅಲ್ಯುಮಿನಿಯಂ ಕ್ರ್ಯಾಂಕ್ ಪುಲ್ಲಿ ನೋಡಲು ಚೆಂದ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ಕೂತು, ಬ್ಯಾಟರಿ ತುಂಬುವ ಆಲ್ಟರ್ನೇಟರ್ ಮತ್ತು ಎಸಿಯನ್ನು ಬೆಲ್ಟಿನ ಮೂಲಕ ತಿರುಗಿಸುವ ಚಕ್ರ ಇದು. ಕೆಂಪು ಅಥವಾ ನೀಲಿ ಬಣ್ಣ, ನುಣುಪಾದ ಲೇಥ್ ಕೆಲಸ, ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಆದರೂ ಕಾರವಾರ, ಅಂಕೋಲಾ, ಕುಮಟಾ ಕಡೆ ದಿನಾ ಓಡುವ ಕಾರಿಗೆ 5ರಲ್ಲಿ 2 ಅಂಕಕ್ಕಿಂತ ಹೆಚ್ಚು ಕೊಡಲಾಗದು. ಮೂಲ ಪುಲ್ಲಿಯ ರಬ್ಬರ್ ಬಿರಿದಿದ್ದರೆ, ಅದೇ ಅಳತೆಯ ರಬ್ಬರ್ ಉಂಗುರವಿರುವ ಬದಲಿ ಪುಲ್ಲಿಗೆ ಧಾರಾಳವಾಗಿ 4 ಕೊಡಬಹುದು.

ಆ ರಬ್ಬರ್ ಉಂಗುರ ಸುಮ್ಮನೆ ಇಟ್ಟದ್ದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ, ಪ್ರತಿ ಸಲವೂ ಕ್ರ್ಯಾಂಕ್ ಕೂದಲೆಳೆಯಷ್ಟು ತಿರುಚಿ ಮರಳುತ್ತದೆ. ಕೆಲವು ಆರ್‌ಪಿಎಂಗಳಲ್ಲಿ (ನಿಮಿಷಕ್ಕೆ ತಿರುಗುವ ಸುತ್ತುಗಳಲ್ಲಿ) ಈ ತಿರುಚಾಟ ಕ್ರ್ಯಾಂಕಿನ ಸಹಜ ಕಂಪನದೊಂದಿಗೆ ಸೇರಿ ಬೆಳೆಯುತ್ತದೆ. ಕ್ರ್ಯಾಂಕಿಗೆ ಕೂರುವ ಒಳಗಿನ ಹಬ್ ಮತ್ತು ಬೆಲ್ಟು ಓಡುವ ಹೊರಗಿನ ಉಂಗುರದ ನಡುವಿನ ರಬ್ಬರ್ ಅದನ್ನು ನುಂಗಿಕೊಳ್ಳುತ್ತದೆ. ಒಂದೇ ತುಂಡಿನ ಅಲ್ಯುಮಿನಿಯಂ ಪುಲ್ಲಿಯಲ್ಲಿ ಈ ವ್ಯವಸ್ಥೆ ಇಲ್ಲ. ಆ ತಿರುಚಾಟದ ಪೆಟ್ಟು ಮೇನ್ ಬೇರಿಂಗ್‌ಗೂ, ಕ್ರ್ಯಾಂಕಿನ ಮೂತಿಯಿಂದ ನೇರ ತಿರುಗುವ ಆಯಿಲ್ ಪಂಪ್‌ಗೂ ಬೀಳುತ್ತದೆ. ಕಂಪನಿಯಿಂದಲೇ ರಬ್ಬರ್ ಇಲ್ಲದ ಪುಲ್ಲಿ ಬಂದಿರುವ ಎಂಜಿನ್ನಾದರೆ ಈ ಆಕ್ಷೇಪ ಇಲ್ಲ.

ಹಗುರ ಪುಲ್ಲಿಯ ಲಾಭ ಸಿಗುವುದು ಆರ್‌ಪಿಎಂ ಸರ್ರನೆ ಏರುವಾಗ, ಅದೂ ಒಂದು, ಎರಡನೇ ಗೇರಿನಲ್ಲಿ ಒಂದಿಷ್ಟು. ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿ ಹತ್ತುವಾಗ ಎಂಜಿನ್ ಹೆಚ್ಚುಕಡಿಮೆ ಒಂದೇ ಆರ್‌ಪಿಎಂನಲ್ಲಿ ದುಡಿಯುತ್ತದೆ. ಅಲ್ಲಿ ಪುಲ್ಲಿಯ ತೂಕ ಇಳಿದರೆ ಏನೂ ಸಿಗದು. ವ್ಯಾಸ ಚಿಕ್ಕದಾದರೆ ಮಾತ್ರ ನಷ್ಟ ಎದ್ದು ಕಾಣುತ್ತದೆ. ಮೂಲ ಪುಲ್ಲಿ 140 ಮಿ.ಮೀ., ಹೊಸದು 125 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 55 ಮಿ.ಮೀ. ಎಂದಿಟ್ಟುಕೊಳ್ಳಿ. 750 ಆರ್‌ಪಿಎಂ ಐಡಲ್‌ನಲ್ಲಿ ಆಲ್ಟರ್ನೇಟರ್ ಸುಮಾರು 1,900ರ ಬದಲು 1,700 ಸುತ್ತು ತಿರುಗುತ್ತದೆ. ಆಷಾಢದ ಮಳೆಯಲ್ಲಿ ವೈಪರ್, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ರೈಲ್ವೆ ಗೇಟಿನ ಮುಂದೆ ನಿಂತಾಗ ಬ್ಯಾಟರಿ ತುಂಬುವ ಬದಲು ಕರಗತೊಡಗಬಹುದು. ಏಪ್ರಿಲ್ ಸೆಕೆಯಲ್ಲಿ ನಿಂತ ಕಾರಿನ ಎಸಿಯೂ ಮಂಕಾಗುತ್ತದೆ. ವಾಟರ್ ಪಂಪ್ ಕೂಡ ಇದೇ ಬೆಲ್ಟಿನಲ್ಲಿದ್ದರೆ ಘಾಟಿಯಲ್ಲಿ ನೀರಿನ ಓಟವೂ ಕಡಿಮೆ. ಬೆಲ್ಟು ಅರ್ಧ ಸುತ್ತು ಅಪ್ಪಿಕೊಂಡಿದ್ದರೆ ಸುಮಾರು 24 ಮಿ.ಮೀ. ಗಿಡ್ಡದು ಬೇಕಾಗುತ್ತದೆ. ಅಂಥ ಬೆಲ್ಟು ಕಿಟ್‌ನಲ್ಲಿ ಇದೆಯೋ ಇಲ್ಲವೋ ಕೊಳ್ಳುವ ಮೊದಲೇ ಕೇಳಬೇಕು.

ಇನ್ನು ಉಪ್ಪು. ಟಾಗೋರ್ ಬೀಚಿನ ಪಕ್ಕ ನಿಲ್ಲುವ ಕಾರಿನಲ್ಲಿ ಅಲ್ಯುಮಿನಿಯಂ ಹಬ್ ಉಕ್ಕಿನ ಕ್ರ್ಯಾಂಕಿಗೆ ತಾಗಿ ಕೂತಿರುತ್ತದೆ. ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಊದಿ ಕಚ್ಚಿಕೊಳ್ಳುತ್ತದೆ. ಮುಂದೆ ಪುಲ್ಲಿಯ ಹಿಂದಿನ ಆಯಿಲ್ ಸೀಲ್ ಬದಲಿಸಲು ಹೋದರೆ ಪುಲ್ಲಿ ಕಳಚುವುದೇ ಇಲ್ಲ. ತೋಟದ ಕೆಮ್ಮಣ್ಣು ರಸ್ತೆಯ ಧೂಳು ಬೆಲ್ಟಿನ ಜೊತೆ ಸೇರಿ ಮೆದು ಲೋಹದಲ್ಲಿ ಬೆಲ್ಟು ಕೂರುವ ಗೀರುಗಳನ್ನು ಅರೆಯುತ್ತದೆ. ಬಣ್ಣ ಹೋದ ಮೇಲೆ ಸವೆತ ಇನ್ನೂ ಬೇಗ.

ರಬ್ಬರ್ ಇರುವ ಬದಲಿ ಪುಲ್ಲಿ ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟೇ ನೋಡಿ. ಗೀರುಗಳ ಸಂಖ್ಯೆ ಬೆಲ್ಟಿನ ಮೇಲಿನ ಬರಹಕ್ಕೆ ಹೊಂದಬೇಕು: 6ಪಿಕೆ ಎಂದರೆ ಆರು ಗೀರು, ಗೀರಿನಿಂದ ಗೀರಿಗೆ 3.56 ಮಿ.ಮೀ. ಹೊರ ವ್ಯಾಸ, ಹಬ್ಬಿನ ಆಳ, ಕೀ (ಪುಲ್ಲಿ ಕ್ರ್ಯಾಂಕಿನ ಮೇಲೆ ಜಾರದಂತೆ ತಡೆಯುವ ಲೋಹದ ತುಂಡು) ಕೂರುವ ಕಚ್ಚಿನ ಅಗಲ, ಟೈಮಿಂಗ್ ಗುರುತು ಒಂದೊಂದನ್ನೂ ಅಳೆಯಿರಿ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಪುಲ್ಲಿಯ ಮೇಲೇ ಇರುತ್ತವೆ. ಅವು ತಪ್ಪಿದರೆ ಕಾರು ಸ್ಟಾರ್ಟೇ ಆಗದು.

ಕೈಹಚ್ಚುವ ಮೊದಲು ಸರ್ವಿಸ್ ಮ್ಯಾನುವಲ್‌ನಲ್ಲಿ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕ್ರ್ಯಾಂಕಿಗೆ ಕೀ ಇದೆಯೇ? ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಟೈಮಿಂಗ್ ಗೇರು ಬರೀ ಬೋಲ್ಟಿನ ಬಿಗಿಯಿಂದ ನಿಂತಿರುತ್ತದೆ. ಲಾಕಿಂಗ್ ಟೂಲ್ ಇಲ್ಲದೆ ಅದನ್ನು ಸಡಿಲಿಸಿದರೆ ಟೈಮಿಂಗ್ ತಪ್ಪಿ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಅಂಥದ್ದನ್ನು ಮನೆಯಂಗಳದಲ್ಲಿ ಬಿಚ್ಚಬಾರದು.

ಕೀ ಇರುವ ಎಂಜಿನ್ನಾದರೆ ಕೆಲಸ ಕಷ್ಟದ್ದಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಪುಲ್ಲಿ ಇರುವ ಬದಿಯ ಮುಂದಿನ ಚಕ್ರ ಎತ್ತಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದು ಬೆಲ್ಟ್ ಸಡಿಲಿಸಿ, ಅದೇ ಬೆಲ್ಟ್ ಮತ್ತೆ ಹಾಕುವುದಿದ್ದರೆ ತಿರುಗುವ ದಿಕ್ಕಿಗೆ ಬಾಣ ಬರೆದಿಡಿ. ಬೋಲ್ಟ್ ಬಿಚ್ಚುವಾಗ ಕ್ರ್ಯಾಂಕ್ ತಿರುಗದಂತೆ ಹಬ್ಬನ್ನೇ ಹಿಡಿಯುವ ಹೋಲ್ಡರ್ ಅಥವಾ ಫ್ಲೈವೀಲ್ ಲಾಕ್ ಬೇಕು. ಮ್ಯಾನುವಲ್ ಗೇರಿನ ಕಾರಾದರೆ ಟಾಪ್ ಗೇರಿಗೆ ಹಾಕಿ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದರೂ ನಡೆಯುತ್ತದೆ. ಹೊರ ಉಂಗುರಕ್ಕೆ ಸರಪಳಿ ಸುತ್ತಿದರೆ ರಬ್ಬರ್ ಹರಿಯುತ್ತದೆ. ಪಾನಾವನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಹೊಡೆಯುವುದಂತೂ ಕೈ ಮುರಿಯುವ ದಾರಿ.

ಕರಾವಳಿಯಲ್ಲಿ ಹಬ್ ತುಕ್ಕಿನಿಂದ ಕಚ್ಚಿಕೊಂಡಿರುವುದು ಸಾಮಾನ್ಯ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಗ್ಯಾಸ್ ಕಟರಿನ ಉರಿ ಹಿಡಿದರೆ ಹಿಂದಿನ ಆಯಿಲ್ ಸೀಲ್ ಸುಡುತ್ತದೆ. ಪುಲ್ಲಿಯನ್ನು ಎಳೆದು ತೆಗೆಯುವ ಸಾಧನವಾದ ಪುಲ್ಲರನ್ನು ಹಬ್ಬಿನ ತೂತುಗಳಿಗೇ ಕಟ್ಟಿ, ಹೊರ ಉಂಗುರಕ್ಕಲ್ಲ. ಪುಲ್ಲಿ ಹೊರಬಂದಾಗ ಸೀಲ್ ಹೇಗೂ ಬದಲಿಸಿ. ಕ್ರ್ಯಾಂಕಿನ ಮೂತಿಯನ್ನು 400ರ ಎಮರಿಯಿಂದ ಹಗುರವಾಗಿ ಒರೆಸಿ, ಸೀಲಿನ ಅಂಚಿಗೆ ತೆಳ್ಳಗೆ ಎಂಜಿನ್ ಆಯಿಲ್ ಹಚ್ಚಿ, ಕೀ ನೋಡಿಕೊಂಡು ಹೊಸ ಪುಲ್ಲಿ ತಳ್ಳಿ. ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ.

ಬೋಲ್ಟಿನ ಬಿಗಿಯಲ್ಲಿ ಅಂದಾಜು ಬೇಡವೇ ಬೇಡ. ಎಷ್ಟು ನ್ಯೂಟನ್ ಮೀಟರ್, ಆಮೇಲೆ ಎಷ್ಟು ಡಿಗ್ರಿ, ಎಳೆಗೆ ಎಣ್ಣೆ ಹಚ್ಚಬೇಕೋ ಒಣಗಿರಬೇಕೋ ಎಲ್ಲವನ್ನೂ ಮ್ಯಾನುವಲ್ ನೋಡಿಯೇ ಮಾಡಿ. ಡಿಗ್ರಿ ಲೆಕ್ಕದಲ್ಲಿ ಬಿಗಿಸುವ ಬೋಲ್ಟ್ ಹಲವು ಎಂಜಿನ್‌ಗಳಲ್ಲಿ ಒಮ್ಮೆಗೆ ಮಾತ್ರ. ಸಡಿಲ ಉಳಿದರೆ ಹಬ್ ಕೀಗೆ ಬಡಿಬಡಿದು ಕ್ರ್ಯಾಂಕಿನ ಕಚ್ಚು ಅಗಲವಾಗುತ್ತದೆ, ಆಗ ಕ್ರ್ಯಾಂಕನ್ನೇ ಹೊರತೆಗೆಯಬೇಕು. ಪುಲ್ಲಿಯಿಂದ ಶುರುವಾದ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಮುಟ್ಟುತ್ತದೆ.

ಬೆಲ್ಟ್ ಹಾಕಿ ಒಂದು ನಿಮಿಷ ಓಡಿಸಿ, ಹೊರ ಅಂಚು ಅಲುಗಾಡುತ್ತದೆಯೇ ಬದಿಯಿಂದ ನೋಡಿ. ನೇರ ಪಟ್ಟಿ ಇಟ್ಟು ಆಲ್ಟರ್ನೇಟರ್ ಪುಲ್ಲಿಯೊಡನೆ ಸಾಲು ನೋಡಿ, ಸಾಲು ತಪ್ಪಿದರೆ ಬೆಲ್ಟಿನ ಒಂದು ಬದಿ ಸವೆದು ಕೀಚ್ ಎನ್ನುತ್ತದೆ. ಕೀಚ್ ನಿಲ್ಲಿಸಲೆಂದು ಬೆಲ್ಟ್ ಅತಿಯಾಗಿ ಎಳೆದರೆ ಬೇರಿಂಗ್ ಹೋಗುತ್ತದೆ. ಒಳಗಿನ ಕವರನ್ನು ಎಲ್ಲ ಕ್ಲಿಪ್ಪುಗಳೊಂದಿಗೆ ಮರಳಿ ಹಾಕಲು ಮರೆಯಬೇಡಿ, ಹೆದ್ದಾರಿ 66ರ ಮಳೆನೀರು ಚಕ್ರದಿಂದ ಚಿಮ್ಮುವುದು ನೇರ ಈ ಪುಲ್ಲಿಗೇ. ಒಂದು ವಾರ ಬಿಟ್ಟು ಬೋಲ್ಟಿನ ಸುತ್ತ ಟಾರ್ಚ್ ಬಿಡಿ. ಕೆಂಚು ಪುಡಿ ಉದುರಿದ್ದರೆ ಹಬ್ ಒಳಗೆ ಅಲುಗುತ್ತಿದೆ ಎಂದರ್ಥ, ಅಂದೇ ಕಾರು ನಿಲ್ಲಿಸಿ ಬಿಚ್ಚಿ ನೋಡಿ.