ದಿನಾ ಕೀ ಕೊಡೋ ವಾಚು: ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್, ಒಂದೂವರೆ ವರ್ಷ ಕಟ್ಟಿದ ಮೇಲೆ

ಒಂದೂವರೆ ವರ್ಷದಿಂದ ಹೆಚ್ಚುಕಮ್ಮಿ ದಿನಾ ನನ್ನ ಕೈಯಲ್ಲಿರೋ ವಾಚಿನ ಬಗ್ಗೆ ಬರೀತಿದೀನಿ. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್, 38 ಮಿಮೀದು, ಕಪ್ಪು ಡಯಲ್. ಆದ್ರೆ ಇದಕ್ಕಿಂತ ಮುಂಚೆ ತಗೊಂಡ ವಾಚಿನ ಕಥೆ ಹೇಳದೇ ಇದರ ರಿವ್ಯೂ ಮಾಡಿದ್ರೆ ಅರ್ಧ ಮಾತು ಒಳಗೇ ಉಳಿದುಬಿಡುತ್ತೆ.

ಆ ಮೊದಲನೇ ವಾಚಿನ ಕಂಪನಿ ಹೆಸರು ಬೇಡ, ವಾಚಿನ ತಪ್ಪೇನೂ ಇರ್ಲಿಲ್ಲ. ಎರಡು ತಿಂಗಳು ಕೂತು ಎಕ್ಸೆಲ್ ಶೀಟ್ ಮಾಡಿದ್ದೆ, ಎಷ್ಟು ಮೀಟರ್‌ವರೆಗೆ ನೀರು ತಡೆಯುತ್ತೆ, ಗಾಜು ಸುಲಭಕ್ಕೆ ಗೀರು ಬೀಳದ ಸಫೈರಾ ಅಲ್ವಾ, ಬೆಜೆಲ್ (ಡಯಲ್ ಸುತ್ತ ಇರೋ ಬಳೆ) ಸೆರಾಮಿಕ್ಕಾ, ಕೈ ಆಡಿದ್ರೆ ತಾನೇ ಕೀ ಕೊಟ್ಕೊಳ್ಳೋ ಆಟೋಮ್ಯಾಟಿಕ್ಕಾ, ಒಂದೊಂದಕ್ಕೂ ಮಾರ್ಕ್ಸ್ ಹಾಕಿ ಕೂಡಿಸಿ, ಕೊಟ್ಟ ದುಡ್ಡಿಗೆ ಇಷ್ಟೆಲ್ಲಾ ಬೇರೆ ಯಾರೂ ಕೊಡಲ್ಲ ಅಂತ ಖಾತ್ರಿ ಮಾಡ್ಕೊಂಡು ತಗೊಂಡೆ. 300 ಮೀಟರ್ ಇತ್ತು ಅದು. ನಂಗೆ ಈಜು ಬರಲ್ಲ, ಆದ್ರೂ ಆ 300ಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೆ. ಬಾಕ್ಸ್ ಬಂತು, ತೆಗೆದೆ, ಬರೆದಿದ್ದೆಲ್ಲಾ ಹಾಗೇ ಇತ್ತು, ಎಲ್ಲಾ ಸರಿಯಾಗಿತ್ತು, ಮನಸ್ಸಿಗೆ ಮಾತ್ರ ಏನೂ ಅನಿಸ್ಲಿಲ್ಲ. ಬೆಳಿಗ್ಗೆ ಕಟ್ಕೊಳೋಕೆ ಮರೆತು ಹೋಗ್ತಿದ್ದೆ, ಕೈ ಖಾಲಿ ಇದೆ ಅಂತ ಮಧ್ಯಾಹ್ನದವರೆಗೂ ಗೊತ್ತಾಗ್ತಿರ್ಲಿಲ್ಲ. ಒಂದು ತಿಂಗಳೊಳಗೆ ಡ್ರಾಯರ್ ಸೇರ್ತು.

ಸ್ಟ್ರಾಪ್ ಬದಲಾಯಿಸಿದ್ರೆ ಇಷ್ಟ ಆಗಬಹುದೇನೋ ಅಂತ ಅದನ್ನೇ ಹಿಡ್ಕೊಂಡು ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ಗಾಜಿನ ಕಪಾಟಲ್ಲಿ ಈ ಹ್ಯಾಮಿಲ್ಟನ್ ಇತ್ತು. ಹೊಳಪಿಲ್ಲದ ಸ್ಟೀಲು, ಕಪ್ಪು ಡಯಲ್ ಮೇಲೆ 1ರಿಂದ 12ರವರೆಗೆ ಎಲ್ಲಾ ಅಂಕಿಗಳೂ ಬಿಡಿಬಿಡಿಯಾಗಿ, ಅದರ ಒಳಗಡೆ ಸಣ್ಣದಾಗಿ 13ರಿಂದ 24, ಅಂಚಲ್ಲಿ ಪುಟ್ಟ ಪುಟ್ಟ ತ್ರಿಕೋನಗಳು, ಅವಕ್ಕೆ ಹಳೇ ಕಾಗದದ ಥರ ಮಾಸಲು ಬಣ್ಣ. ಮುಳ್ಳುಗಳು ತೆಳ್ಳಗೆ, ನೇರ. ಏನೂ ತೋರಿಸ್ಕೊಳ್ಳೋ ಆಸೆ ಇಲ್ಲದ ಮುಖ. ಕೈಗೆ ಕಟ್ಟಿ ನೋಡಿ ಅಂದ್ರು, ಕಟ್ದೆ, ಟೈಮ್ ನೋಡಿ ಕೈ ಇಳಿಸ್ದೆ. ಟೈಮ್ ಎಷ್ಟಾಗಿತ್ತು ಅಂತ ನೆನಪಿಲ್ಲ. ಮತ್ತೆ ನೋಡ್ದೆ. ಮತ್ತೂ ನೆನಪಿಲ್ಲ, ಯಾಕಂದ್ರೆ ನಾನು ನೋಡ್ತಿದ್ದಿದ್ದು ಟೈಮ್ ಅಲ್ಲ.

ಆದ್ರೂ ಆವತ್ತು ತಗೊಳ್ಲಿಲ್ಲ. ಮನೆಗೆ ಬಂದು ಶೀಟ್‌ಗೆ ಹಾಕ್ದೆ. ನೀರಿಗೆ 50 ಮೀಟರ್ ಅಷ್ಟೇ, ತಾರೀಖು ಇಲ್ಲ, ಆಟೋಮ್ಯಾಟಿಕ್ ಅಲ್ಲ, ಹಿಂದೆ ಮುಚ್ಚಿರೋ ಸ್ಟೀಲ್ ತಟ್ಟೆ, ಒಳಗಿನ ಮಷೀನ್ ಕಾಣಲ್ಲ. ಪಟ್ಟಿಯಲ್ಲಿ ಕೊನೇ ಸ್ಥಾನ ಬಂತು. ಒಂದು ವಾರ ಆದ್ಮೇಲೆ ಆಫೀಸ್ ಮೀಟಿಂಗ್‌ನ ನೋಟ್ಸ್ ತಿರುವಿ ನೋಡಿದ್ರೆ ಪುಟದ ಅಂಚಲ್ಲೆಲ್ಲಾ ಆ ಡಯಲ್‌ನ ಚಿತ್ರ ಬರ್ದಿದೀನಿ, ತ್ರಿಕೋನಗಳ ಸಮೇತ. ಆವತ್ತು ಸಂಜೆನೇ ಹೋಗಿ ತಗೊಂಡೆ.

ಈಗ ವಾಚಿನ ವಿಷಯ. ಇದಕ್ಕೆ ಬ್ಯಾಟರಿ ಇಲ್ಲ, ಕೈ ಆಡಿಸಿದ್ರೆ ತಾನಾಗೇ ಸುತ್ಕೊಳ್ಳೋ ವ್ಯವಸ್ಥೆನೂ ಇಲ್ಲ, ನಾವೇ ಕೀ ಕೊಡ್ಬೇಕು. ಬೆಳಿಗ್ಗೆ ಎದ್ದು ಫೋನ್ ಮುಟ್ಟೋ ಮುಂಚೆ ಇದನ್ನ ಎತ್ಕೊಂಡು ಪಕ್ಕದಲ್ಲಿರೋ ಪುಟ್ಟ ಗುಂಡೀನ ಹೆಬ್ಬೆರಳು ತೋರುಬೆರಳಲ್ಲಿ ತಿರುಗಿಸ್ತೀನಿ, ಸಣ್ಣಗೆ ಕಿರ್ರ್ ಕಿರ್ರ್ ಅಂತ ಬೆರಳ ತುದಿಗೇ ಶಬ್ದ ಬರುತ್ತೆ, ತಿರುಗಿಸ್ತಾ ತಿರುಗಿಸ್ತಾ ಬಿಗಿ ಆಗೋದು ಗೊತ್ತಾಗುತ್ತೆ, ಒಂದು ಹಂತಕ್ಕೆ ಸಾಕು ಅಂತ ಅದೇ ಹೇಳುತ್ತೆ, ಅಲ್ಲಿಂದ ಮುಂದೆ ಬಲವಂತ ಮಾಡ್ಬಾರ್ದು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನಂಗೆ ಎಷ್ಟು ಬೇಕು ಅಂತ ತಗೊಂಡ ಮೇಲೇನೇ ಗೊತ್ತಾಗಿದ್ದು. ದಿನಾ ಕೀ ಕೊಡೋ ರಗಳೆ ಅಂತ ಶೀಟಲ್ಲಿ ಮೈನಸ್ ಮಾರ್ಕ್ಸ್ ಹಾಕಿದ್ದೆ ನಾನು ಇದಕ್ಕೆ.

ರಾತ್ರಿ ತಲೆ ಹತ್ರ ಇಟ್ಕೊಂಡ್ರೆ ಸದ್ದು ಕೇಳುತ್ತೆ. ಒಳಗಿರೋ ಎಚ್-50 ಮೂವ್‌ಮೆಂಟ್, ಅಂದ್ರೆ ವಾಚನ್ನ ಓಡಿಸೋ ಮಷೀನ್, ಗಂಟೆಗೆ 21,600 ಸಲ ಮಿಡಿಯುತ್ತೆ, ಅಂದ್ರೆ ಸೆಕೆಂಡಿಗೆ 6. ಮುಂಚೆ ಈ ಮಾಡೆಲ್‌ನಲ್ಲಿ ಬರ್ತಿದ್ದ ಇಟಿಎ 2801-2 ಅನ್ನೋ ಮೂವ್‌ಮೆಂಟ್ ಗಂಟೆಗೆ 28,800 ಸಲ ಮಿಡೀತಿತ್ತು, ಸೆಕೆಂಡಿಗೆ 8. ಮಿಡಿತ ಕಮ್ಮಿ ಮಾಡಿದ್ರಿಂದ ಸ್ಪ್ರಿಂಗ್ ನಿಧಾನಕ್ಕೆ ಬಿಚ್ಕೊಳ್ಳುತ್ತೆ, ಮುಂಚೆ ಪೂರ್ತಿ ಎರಡು ದಿನ ಕೂಡ ಬರದಿದ್ದ ಓಟ ಈಗ 80 ಗಂಟೆ ಬರೋದಕ್ಕೆ ಅದೂ ಒಂದು ಕಾರಣ. ಸ್ಪೆಕ್ಸ್ ಪಟ್ಟಿ ನೋಡೋರು 28,800 ಇದ್ರೆ ಸೆಕೆಂಡ್ ಮುಳ್ಳು ಇನ್ನೂ ನಯವಾಗಿ ಓಡುತ್ತೆ ಅಂತಾರೆ, ನಿಜಾನೇ. ಆದ್ರೆ ಶುಕ್ರವಾರ ರಾತ್ರಿ ಬಿಚ್ಚಿಟ್ಟು ಎರಡು ದಿನ ಮುಟ್ಟದೇ ಸೋಮವಾರ ಬೆಳಿಗ್ಗೆ ಕೈಗೆತ್ಕೊಂಡಾಗ ಇನ್ನೂ ಓಡ್ತಾನೇ ಇರುತ್ತಲ್ಲ, ಆ ಖುಷಿ ಬೇರೆ. ಅಂದ್ರೆ ಅಂಕಿಅಂಶಗಳ ಮೇಲೆ ನಂಗೆ ದ್ವೇಷ ಏನಿಲ್ಲ, ಈ 80 ಅನ್ನೋ ಅಂಕಿ ನನ್ನ ಬದುಕಿಗೆ ಬಂದು ಸೇರ್ಕೊಂಡಿದೆ, ಆ 300 ಸೇರ್ಲಿಲ್ಲ.

ಟೈಮ್ ಸರಿ ತೋರಿಸೋದೇ ಮುಖ್ಯ ಅನ್ನೋದಾದ್ರೆ ಈ ಮಾತೆಲ್ಲಾ ಬೇಕಾಗೇ ಇಲ್ಲ. ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರಲ್ಲಿ ಆಸ್ಟ್ರಾನ್ ಅನ್ನೋ, ಬ್ಯಾಟರಿಯಿಂದ ಓಡೋ ಕ್ವಾರ್ಟ್ಜ್ ವಾಚ್ ಬಿಟ್ಟಾಗಲೇ ಆ ಪಂದ್ಯ ಮುಗೀತು. 1989ರಿಂದ ಬರ್ತಿರೋ ಕ್ಯಾಸಿಯೋ ಎಫ್-91ಡಬ್ಲ್ಯೂ ತಿಂಗಳಿಗೆ ಹೆಚ್ಚೂಕಮ್ಮಿ 30 ಸೆಕೆಂಡ್ ಆಚೀಚೆ ಆಗಬಹುದು ಅಂತ ಕಂಪನಿನೇ ಹೇಳುತ್ತೆ, ಬ್ಯಾಟರಿ ಏಳು ವರ್ಷ. ಕೀ ಕೊಡೋ ವಾಚು ದಿನಕ್ಕೇ ಕೆಲವು ಸೆಕೆಂಡ್ ಹಿಂದೆಮುಂದೆ ಹೋಗುತ್ತೆ. ಆ ಪುಟ್ಟ ಪ್ಲಾಸ್ಟಿಕ್ ಕ್ಯಾಸಿಯೋನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸೋರೂ ಇದಾರೆ, ಅವರನ್ನ ಕೇಳಿ, ನಿಖರತೆ ಬಗ್ಗೆ ಮಾತಾಡಲ್ಲ, ಸ್ಕೂಲಲ್ಲಿ ಮೊದಲನೇ ಸಲ ಆ ಸಣ್ಣ ಲೈಟ್ ಒತ್ತಿದ ರಾತ್ರಿ ಬಗ್ಗೆ ಮಾತಾಡ್ತಾರೆ.

ಒಮೆಗಾ ಸ್ಪೀಡ್‌ಮಾಸ್ಟರ್ ನೋಡಿ. 1969ರಲ್ಲಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಕಟ್ಕೊಂಡು ನಡೆದಿದ್ದು, ಆರ್ಮ್‌ಸ್ಟ್ರಾಂಗ್ ತಮ್ಮದನ್ನ ನೌಕೆಯಲ್ಲೇ ಬಿಟ್ಟು ಇಳಿದಿದ್ರು, ಅಲ್ಲಿನ ಟೈಮರ್ ಕೆಟ್ಟಿತ್ತು ಅಂತ. ಇವತ್ತಿಗೂ ಅದು ಕೀ ಕೊಡೋ ವಾಚೇ, ನೀರಿಗೆ 50 ಮೀಟರೇ, ಸಫೈರ್ ಗಾಜಿಂದೂ ಸಿಗುತ್ತೆ ಆದ್ರೆ ಬೇಗ ಗೀರು ಬೀಳೋ ಪ್ಲಾಸ್ಟಿಕ್ ಗಾಜಿನ ಮಾಡೆಲ್ಲೇ ಬೇಕು ಅಂತ ಹುಡುಕಿ ತಗೊಳ್ಳೋರು ತುಂಬಾ ಜನ. ಅದನ್ನ ನನ್ನ ಶೀಟ್‌ಗೆ ಹಾಕಿದ್ರೆ ಯಾವತ್ತೂ ಗೆಲ್ಲಲ್ಲ.

ಹಾಗಂತ ಕಣ್ಣು ಮುಚ್ಕೊಂಡು ತಗೊಳ್ಳಿ ಅಂತ ಹೇಳ್ತಿಲ್ಲ. ಒಂದು ಅಳತೆ ಮಾತ್ರ ನೋಡ್ಲೇಬೇಕು, ಸ್ಟ್ರಾಪ್ ಸಿಕ್ಕಿಸೋ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿವರೆಗಿನ ಉದ್ದ, ಲಗ್-ಟು-ಲಗ್ ಅಂತಾರಲ್ಲ ಅದು. ಡಯಲ್ ಎಷ್ಟೇ ಚೆನ್ನಾಗಿದ್ರೂ ಕೊಂಬು ಕೈಯಿಂದ ಆಚೆ ಚಾಚ್ಕೊಂಡ್ರೆ ದಿನಾ ಕಿರಿಕಿರಿ. ಇದರದ್ದು ಸುಮಾರು 47 ಮಿಮೀ, ನನ್ನ ಸಣ್ಣ ಕೈಗೆ ಅಲ್ಲಿಗಲ್ಲಿಗೆ ಕೂರುತ್ತೆ. ಆಮೇಲೆ ಅಂಗಡಿಗೆ ಹೋದಾಗ ಫೋನ್ ಜೇಬಲ್ಲೇ ಇರ್ಲಿ, ಹತ್ತು ನಿಮಿಷ ಕಟ್ಕೊಂಡು ಅಂಗಡಿಯವರ ಹತ್ರ ಬೇರೆ ಏನಾದ್ರೂ ಮಾತಾಡ್ತಾ ಇರಿ, ಮಾತಿನ ಮಧ್ಯೆ ಕಣ್ಣು ತಾನಾಗೇ ಎಷ್ಟು ಸಲ ಕೈ ಕಡೆ ಹೋಗುತ್ತೆ ನೋಡ್ಕೊಳ್ಳಿ.

ಡ್ರಾಯರ್‌ನಲ್ಲಿದ್ದ ವಾಚನ್ನ ನನ್ನ ಗೆಳೆಯನಿಗೆ ಕೊಟ್ಟೆ, ಅವನು ವಾರಕ್ಕೆ ನಾಲ್ಕು ದಿನ ಈಜ್ತಾನೆ. ಮೊನ್ನೆ ಸಿಕ್ಕಿದ್ದ, ಬೆಜೆಲ್ ತಿರುಗಿಸಿ ಲ್ಯಾಪ್ ಎಣಿಸೋದನ್ನ ತೋರಿಸಿದ, ತೋರಿಸುವಾಗ ಅವನ ಮುಖ ನೋಡ್ಬೇಕಿತ್ತು. ನನ್ನ ಹತ್ರ ಇದ್ದಾಗ ಆ ಬೆಜೆಲ್‌ನ ಒಂದು ಸಲಾನೂ ತಿರುಗಿಸಿರ್ಲಿಲ್ಲ.

ಹ್ಯಾಮಿಲ್ಟನ್‌ಗೆ ಈಗ ಕೆಳಗಿನ ಕೊಂಬಿನ ಹತ್ರ ಒಂದು ಗೀರು ಬಿದ್ದಿದೆ, ಬಾಗಿಲ ಚಿಲಕ ತಾಗಿ. ಪಾಲಿಶ್ ಮಾಡಿಸಲ್ಲ. ತಾರೀಖು ಬೇಕೇ ಬೇಕು, ಒಂದು ಸಲ ಕಟ್ಟಿದ ಮೇಲೆ ವಾಚಿನ ಗೊಡವೆನೇ ಬೇಡ ಅನ್ನೋರು ಇದನ್ನ ತಗೋಬೇಡಿ. ಉಳಿದೋರು ಒಂದ್ಸಲ ಕೈಗೆ ಕಟ್ಟಿ, ಸ್ವಲ್ಪ ಕೀ ಕೊಟ್ಟು ನೋಡಿ.