ಸೌಂಡ್ ಹೋದ ಲ್ಯಾಪ್‌ಟಾಪ್ ಮತ್ತು ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಮೆಟ್ಟಿಲು ಹತ್ತಿ ಹೋಗುವ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಒಬ್ಬರೇ ಇರುತ್ತಾರೆ. 5ಕ್ಕೆ 4 ಸ್ಟಾರ್.

ತಪ್ಪು ಮೊದಲು ನನ್ನದೇ. ವಿಂಡೋಸ್ 10 ನಿಧಾನ ಆಯಿತು ಅಂತ ಸುಮ್ನೆ ಒಂದು ಫ್ರೀ ಸ್ಪೀಡ್ ಸಾಫ್ಟ್‌ವೇರ್ ಹಾಕಿದೆ. ಅದು ಏನೇನೋ ಬಂದ್ ಮಾಡಿತು, ಮರುದಿನ ನೋಡಿದರೆ ಸ್ಪೀಕರ್ ಗುರುತಿನ ಮೇಲೆ ಕೆಂಪು ಇಂಟು. ಒಂದು ವಿಡಿಯೋ ನೋಡಿ ಸರ್ವಿಸಸ್, ಅಂದರೆ ವಿಂಡೋಸ್ ಹಿನ್ನೆಲೆಯಲ್ಲಿ ಓಡಿಸುವ ಕೆಲಸಗಳ ಪಟ್ಟಿ, ತೆರೆದೆ. ಸೌಂಡ್ ನೋಡಿಕೊಳ್ಳುವ ವಿಂಡೋಸ್ ಆಡಿಯೋ ಅನ್ನುವ ಸರ್ವಿಸ್ ಡಿಸೇಬಲ್ಡ್ ಆಗಿತ್ತು. ಅದನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಒತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ನಾನು ವಿಡಿಯೋದವನ ಮಾತು ಕೇಳಿ ಲಾಗ್ ಆನ್ ಟ್ಯಾಬಿಗೂ ಹೋಗಿ ಆ ಸರ್ವಿಸ್ ಓಡುವ ಅಕೌಂಟನ್ನು ಲೋಕಲ್ ಸಿಸ್ಟಮ್ ಅಂತ ಬದಲಾಯಿಸಿದೆ. ಎರರ್ 1079 ಬಂತು. ಅಮ್ಮ ಮೂರು ದಿನ ಧಾರಾವಾಹಿಯನ್ನು ಮೂಕಿ ಚಿತ್ರದ ಹಾಗೆ ನೋಡಿದರು. ಕಥೆ ಎಲ್ಲಾ ತಿಳೀತು ಅಂದರು.

ಮೊದಲು ಹೋದದ್ದು ಬೇರೆ ಅಂಗಡಿಗೆ. ಅವರು ಸ್ಕ್ರೀನ್ ಕೂಡ ಸರಿಯಾಗಿ ನೋಡಲಿಲ್ಲ, ಸೌಂಡ್ ಐಸಿ ಹೋಗಿದೆ, ಬೋರ್ಡ್ ಬಿಚ್ಚಬೇಕು, 2,500 ಆಗುತ್ತದೆ ಅಂದರು. ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ.

ಆಮೇಲೆ ಈ ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಗೆ ಹೋದೆ. ಇವರ ಮೊದಲ ಪ್ರಶ್ನೆಯೇ, "ಇದಕ್ಕ ನೀವು ಏನರ ಕೈ ಹಚ್ಚೀರೇನ್ರಿ?" ಇಲ್ಲ ಅಂದೆ. 1079 ನೋಡಿ ನಕ್ಕರು. "ಅಕೌಂಟ್ ತಾನಾಗೇ ಬದಲಾಗಂಗಿಲ್ರಿ ಸರ್." ಒಪ್ಪಿಕೊಳ್ಳಬೇಕಾಯಿತು.

ಒಂದೇ ಪ್ರೋಸೆಸ್‌ನಲ್ಲಿ ಓಡುವ ಸರ್ವಿಸ್‌ಗಳ ಅಕೌಂಟ್ ತಾಳೆ ಆಗದಿದ್ದರೆ ಬರುವ ಎರರ್ ಅದು. ಬೋರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ವಿಂಡೋಸ್ ಆಡಿಯೋ ಮೇಲೆ ಎರಡು ಸಲ ಕ್ಲಿಕ್, ಲಾಗ್ ಆನ್, ದಿಸ್ ಅಕೌಂಟ್, ಅಲ್ಲಿ ಲೋಕಲ್ ಸರ್ವಿಸ್ ಅಂತ ಹಾಕಿ, ಕೆಳಗಿನ ಎರಡು ಪಾಸ್‌ವರ್ಡ್ ಡಬ್ಬಿಯಲ್ಲಿರುವ ಚುಕ್ಕೆಗಳನ್ನೆಲ್ಲ ಅಳಿಸಿ ಓಕೆ ಕೊಡಬೇಕು. ಅದರ ಜೋಡಿ ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಅಂತ ಇನ್ನೊಂದಿದೆ, ಅದು ಓಡದಿದ್ದರೆ ಇದೂ ಓಡುವುದಿಲ್ಲ. ತಮಾಷೆ ಅಂದರೆ ಅದರ ಅಕೌಂಟ್ ಮಾತ್ರ ಲೋಕಲ್ ಸಿಸ್ಟಮ್ಮೇ ಇರಬೇಕು. ವಿಡಿಯೋದವನು ಎರಡನ್ನೂ ಕಲಸಿಬಿಟ್ಟಿದ್ದ ಅಂತ ಆಗ ಗೊತ್ತಾಯಿತು. ಎರಡೂ ಆಟೋಮ್ಯಾಟಿಕ್ ಇವೆಯಾ ನೋಡಿ ಸ್ಟಾರ್ಟ್ ಒತ್ತಿದರು, ಕೆಂಪು ಇಂಟು ಹೋಯಿತು. ಕೇಳದೆಯೇ ಆ ಸ್ಪೀಡ್ ಸಾಫ್ಟ್‌ವೇರನ್ನೂ ತೆಗೆದರು. ಹತ್ತು ನಿಮಿಷದ ಕೆಲಸ, 150 ರೂಪಾಯಿ. ವಿಂಡೋಸ್ ಹೊಸದಾಗಿ ಹಾಕಬೇಕು ಅಂತ ಹೇಳಿ 500 ಕೇಳಿದ್ದರೂ ನಾನು ಕೊಟ್ಟು ಬರುತ್ತಿದ್ದೆ, ನನಗೇನು ಗೊತ್ತಿತ್ತು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, 11ಕ್ಕೆ ಹೋದವನ ಪಾಳಿ ಬಂದದ್ದು 2ಕ್ಕೆ. ಚಾರ್ಜರ್ ತಗೊಂಡೇ ಹೋಗಿ, ಅಲ್ಲಿ ಎಲ್ಲಾ ಪಿನ್ ಸಿಗುವುದಿಲ್ಲ. ಕೂರಲು ಒಂದೇ ಸ್ಟೂಲ್, ಫ್ಯಾನ್ ತಿರುಗುವುದು ಅವರ ಟೇಬಲ್ ಕಡೆಗೆ ಮಾತ್ರ. ನಾನು ಹೋದದ್ದು ಮೇ ತಿಂಗಳಲ್ಲಿ, ನಮ್ಮೂರ ಬಿಸಿಲು ಬೇರೆ ಹೇಳಬೇಕಾ?